ಕೊಟ್ಟಿಗೆ, ಪಂಪ್‌ಶೆಡ್ಡಿಗೆ ಯಾವ ಪ್ಲಾಸ್ಟಿಕ್ ಬಾಕ್ಸ್?

ಕೊಟ್ಟಿಗೆ, ಪಂಪ್‌ಶೆಡ್ಡುಗಳಲ್ಲಿ ಗೋಡೆಯ ಮೇಲೆಯೇ ಪಿವಿಸಿ ಪೈಪು ಎಳೆದು, ಸ್ವಿಚ್ಚು ಮತ್ತು ಜಾಯಿಂಟ್ ಬರುವಲ್ಲಿ ಬಾಕ್ಸ್ ಕೂರಿಸುವುದು ಒಳ್ಳೆಯ ಪದ್ಧತಿ. ಎಲ್ಲಿ ಕೆಟ್ಟಿದೆಯೆಂದು ಕಣ್ಣಿಗೇ ಕಾಣುತ್ತದೆ, ರಿಪೇರಿಯೂ ಸುಲಭ. ಬಾಕ್ಸ್ ಮಾತ್ರ ಆ ಜಾಗಕ್ಕೆ ತಕ್ಕದ್ದಾಗಿರಬೇಕು.

ತಗಡಿನದು ಏಕೆ ಬೇಡ?

ಗಂಜಲದಿಂದ ಏಳುವ ಅಮೋನಿಯಾ, ನೆಲದ ತೇವ, ಕರಾವಳಿಯಲ್ಲಾದರೆ ಉಪ್ಪುಗಾಳಿ, ಇವೆಲ್ಲ ಸೇರಿ ತಗಡಿನ ಬಾಕ್ಸಿಗೆ ಬೇಗ ತುಕ್ಕು ಹಿಡಿಯುತ್ತದೆ. ಒಳಗೆ ವೈರಿನ ಹೊದಿಕೆ ಸುಲಿದು ತಗಡಿಗೆ ತಾಗಿ, ಅರ್ಥಿಂಗೂ ಕೈಕೊಟ್ಟಿದ್ದರೆ ಬಾಕ್ಸ್ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಒದ್ದೆ ನೆಲದ ಮೇಲೆ ನಾಲ್ಕೂ ಕಾಲೂರಿ ನಿಂತ ದನಕ್ಕಂತೂ ನಮಗಿಂತ ಕಡಿಮೆ ವೋಲ್ಟೇಜೇ ಅಪಾಯ ತರಬಹುದು. ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ, ಅದರಲ್ಲಿ ಕರೆಂಟೂ ಹರಿಯುವುದಿಲ್ಲ.

ಕೊಳ್ಳುವಾಗ ನೋಡಬೇಕಾದ್ದು

* ನೀರು, ದೂಳು: ಒಣಗಿದ ಉಗ್ರಾಣಕ್ಕೆ ಸಾಧಾರಣ ಸರ್ಫೇಸ್ ಬಾಕ್ಸ್ ಸಾಕು. ಪೈಪಿನಲ್ಲಿ ನೀರು ಹಾಯಿಸಿ ತೊಳೆಯುವ ಕೊಟ್ಟಿಗೆಗೆ ರಬ್ಬರ್ ಗ್ಯಾಸ್ಕೆಟ್ ಇರುವ ಐಪಿ 55 ಅಥವಾ ಐಪಿ 65 ಬಾಕ್ಸ್ ಬೇಕು. ಮೊದಲ ಅಂಕಿ ದೂಳಿನ ತಡೆ, ಎರಡನೆಯದು ನೀರಿನ ತಡೆ. ಹೊಟ್ಟು, ಹಿಟ್ಟು ಹಾರುವ ಕಡೆ 65 ಮೇಲು.
* ಬಿಸಿಲು: ಸಾಧಾರಣ ಪಿವಿಸಿ ಬಿಸಿಲಿಗೆ ಬಣ್ಣಗೆಟ್ಟು ಪೆಡಸಾಗುತ್ತದೆ. ಹೊರಗೋಡೆಗೆ ಯುವಿ ತಡೆಯುವ ಪಾಲಿಕಾರ್ಬೊನೇಟ್ ಬಾಕ್ಸ್ ಕೇಳಿ.
* ಬೆಂಕಿ: ಬೆಂಕಿ ಹಬ್ಬಿಸದ ಪ್ಲಾಸ್ಟಿಕ್ಕೇ ಆಗಿರಲಿ. ಐಎಸ್‌ಐ ಗುರುತು ಇದೆಯೇ ನೋಡಿ.
* ಗಾತ್ರ: ವೈರು ತುರುಕಿ ಮುಚ್ಚಳ ಒತ್ತಬೇಕಾದರೆ ಬಾಕ್ಸ್ ಚಿಕ್ಕದಾಯಿತೆಂದೇ ಅರ್ಥ. ಹಾಗೆ ತುರುಕಿದಾಗ ಸಡಿಲವಾದ ಜಾಯಿಂಟ್ ಬಿಸಿಯೇರಿ ಪ್ಲಾಸ್ಟಿಕ್ಕನ್ನೇ ಕರಗಿಸಬಲ್ಲದು. ವೈರು ತಿರುಚಿ ಟೇಪು ಸುತ್ತದೆ ಕನೆಕ್ಟರ್ ಹಾಕಿಸಿ.

ಅರ್ಥ್ ವೈರು ಬಿಡಲೇಬೇಡಿ

ಪ್ಲಾಸ್ಟಿಕ್ ಬಾಕ್ಸ್ ಹಾಕಿದ ಮೇಲೆ ಅರ್ಥ್ ಏಕೆ ಎನ್ನುವವರಿದ್ದಾರೆ. ಈ ಮಾತು ಜೀವಕ್ಕೇ ಎರವಾಗಬಹುದು. ಬಾಕ್ಸ್ ಪ್ಲಾಸ್ಟಿಕ್ಕಿನದಾದರೂ ಮೋಟಾರು, ಸ್ಟಾರ್ಟರ್, ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಇವುಗಳ ಮೈ ಲೋಹದ್ದು. ಪ್ಲಾಸ್ಟಿಕ್ ಪೈಪು, ಬಾಕ್ಸುಗಳ ಮೂಲಕ ಅರ್ಥ್ ಸಂಪರ್ಕ ಮುಂದಕ್ಕೆ ಸಾಗುವುದಿಲ್ಲ. ಆದ್ದರಿಂದ ಎಲ್ಲ ಪೈಪುಗಳಲ್ಲೂ ಪ್ರತ್ಯೇಕ ಹಸಿರು ವೈರು ಹೋಗಬೇಕು. ಪ್ರತಿ ಬಾಕ್ಸಿನಲ್ಲೂ ಅದನ್ನು ಮುಂದಿನ ವೈರಿಗೆ ಬಿಗಿಯಾಗಿ ಜೋಡಿಸಬೇಕು. ನಡುವೆ ತಗಡಿನ ಬಾಕ್ಸ್ ಉಳಿದಿದ್ದರೆ ಅದಕ್ಕೂ ಅರ್ಥ್ ಕೊಡಿಸಿ. ಕೊಟ್ಟಿಗೆಯ ಲೈಟು, ಪ್ಲಗ್ಗಿನ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ.

ಕೂರಿಸುವಾಗ

ದನದ ಕೊಂಬು, ನಾಲಿಗೆ ಎಟುಕದ ಎತ್ತರದಲ್ಲಿ ಬಾಕ್ಸ್ ಇರಲಿ. ನೀರು ಬೀಳುವ ಕಡೆ ಪೈಪು ಬಾಕ್ಸಿನ ಕೆಳಗಿನಿಂದ ಒಳಹೋಗಲಿ. ಮೇಲಿನಿಂದ ಹೋದರೆ ಪೈಪಿನ ಮೇಲೆ ಇಳಿಯುವ ನೀರು ಬಾಕ್ಸಿನೊಳಗೆ ಸೇರುತ್ತದೆ. ಕೇಬಲ್ ತೂರುವಲ್ಲಿ ಅಳತೆಗೆ ಸರಿಯಾದ ಗ್ಲ್ಯಾಂಡ್ ಹಾಕಿಸಿ. ಬಳಸದ ತೂತುಗಳನ್ನು ಮುಚ್ಚಿಸಿ, ಇಲ್ಲವಾದರೆ ಇರುವೆ, ಹಲ್ಲಿ ಒಳಸೇರುತ್ತವೆ. ಅಂದಾಜಿಗೆ ಕೊರೆದ ಒಂದೇ ತೂತು ಸಾಕು, ಐಪಿ 65 ಬಾಕ್ಸಿನ ರಕ್ಷಣೆ ಹೋಯಿತು. ಸ್ಕ್ರೂ ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ.

ಈ ಕೆಲಸವನ್ನು ಲೈಸೆನ್ಸ್ ಇರುವ ವೈರ್‌ಮನ್‌ನಿಂದಲೇ ಮಾಡಿಸಿ. ಪ್ರತಿವರ್ಷ ಮುಂಗಾರಿಗೆ ಮುನ್ನ ಮೇನ್ ಸ್ವಿಚ್ ಆಫ್ ಮಾಡಿಸಿ, ಮುಚ್ಚಳ, ಗ್ಯಾಸ್ಕೆಟ್, ಅರ್ಥ್ ಜೋಡಣೆ ಮೂರನ್ನೂ ಅವರಿಂದ ಪರೀಕ್ಷೆ ಮಾಡಿಸಿ. ಸೀಳಿದ ಬಾಕ್ಸನ್ನು ಮಳೆ ಹಿಡಿಯುವ ಮೊದಲೇ ಬದಲಿಸಿ.