ಔಷಧೋಪಚಾರದಲ್ಲಿರುವ ಸ್ನೇಹಿತನ ಸಂಗಡ ಹೋಗುವದು

ಯೋಬನಿಗೆ ಬಂದ ಆಪತ್ತಿನ ಸುದ್ದಿಯನ್ನು ಕೇಳಿ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ತಮ್ಮ ತಮ್ಮ ಊರುಗಳನ್ನು ಬಿಟ್ಟು ಬಂದು, ಒಂದು ವಾರದ ಪರ್ಯಂತರ ಏನೂ ಮಾತಾಡದೆ ಅವನ ಹತ್ತಿರ ನೆಲದ ಮೇಲೆ ಕೂತಿದ್ದರೆಂಬದು ನಮ್ಮ ವಾಚಕರಿಗೆ ತಿಳಿದದ್ದೇ. ಆ ವಾರದಲ್ಲಿ ಅವರು ಒಳ್ಳೇ ಸ್ನೇಹಿತರಾಗಿದ್ದರು. ಆಮೇಲೆ ಬಾಯಿ ತೆರೆದು, ಇದಕ್ಕೆಲ್ಲಾ ನಿನ್ನ ಪಾಪವೇ ಕಾರಣವೆಂದು ವಾದಿಸತೊಡಗಿದಾಗ, ಹುಣ್ಣುಗಳಿಗಿಂತಲೂ ಅವರ ಮಾತುಗಳೇ ಅವನಿಗೆ ಭಾರವಾದವು. ನಮ್ಮ ಹಳ್ಳಿಗಳಲ್ಲಿ ಅರ್ಬುದರೋಗ, ಅಂದರೆ ಜನರು ಕ್ಯಾನ್ಸರ್ ಅನ್ನುವ ಬೇನೆ, ಒಂದು ಮನೆಗೆ ಬಂದಿತೆಂದು ತಿಳಿದ ಕೂಡಲೆ ಹೋಗಿ ನೋಡುವವರು ಬಹಳ ಮಂದಿ ಇದ್ದಾರೆ. ಆದರೆ ಅವರಲ್ಲಿ ಅನೇಕರು ಎಂಟನೆಯ ದಿವಸದ ಸ್ನೇಹಿತರೇ.

ಹೊಗೆಸೊಪ್ಪು ತಿಂದದ್ದರಿಂದ ಹೀಗಾಯಿತು ಎಂದು ಒಬ್ಬನು ಹೇಳುತ್ತಾನೆ. ಹೊಗೆಸೊಪ್ಪೂ ಗುಟ್ಖಾವೂ ಬಾಯಿಯ ಅರ್ಬುದಕ್ಕೆ ಮುಖ್ಯ ಕಾರಣಗಳೆಂಬದು ನಿಜ. ಆದರೆ ಈ ಮಾತನ್ನು ಆರೋಗ್ಯವಂತನಾದ ಮಗನಿಗೆ ಹೇಳಬೇಕೇ ಹೊರತು, ಹಾಸಿಗೆಯಲ್ಲಿರುವ ತಂದೆಗೆ ಹೇಳಿ ಆಗುವದೇನು? ಅವುಗಳನ್ನು ಮುಟ್ಟದವರಿಗೂ ಈ ರೋಗ ಬರುತ್ತದೆ. ಇನ್ನೊಬ್ಬಳು ಬಂದು ತಟ್ಟೆ ಲೋಟಗಳನ್ನು ಬೇರೆ ಇಡಿರೆಂದು ಗುಟ್ಟಾಗಿ ಹೇಳಿ ಹೋಗುತ್ತಾಳೆ. ಇದು ಕೇವಲ ಅಜ್ಞಾನವು. ಅರ್ಬುದವು ಮುಟ್ಟುವದರಿಂದಾಗಲಿ, ಸಂಗಡ ಉಣ್ಣುವದರಿಂದಾಗಲಿ, ಒಂದೇ ಕೋಣೆಯಲ್ಲಿ ಮಲಗುವದರಿಂದಾಗಲಿ ಹತ್ತುವ ರೋಗವಲ್ಲ. ಯಂತ್ರದ ಕೆಳಗೆ ಮಲಗಿಸಿ ಹೊರಗಿನಿಂದ ಕಿರಣಗಳನ್ನು ಕೊಟ್ಟಿದ್ದರೂ, ಆ ಕಿರಣಗಳು ರೋಗಿಯ ಮೈಯಲ್ಲಿ ಉಳಿದುಕೊಂಡು ಮನೆಯ ಮಕ್ಕಳಿಗೆ ತಾಕುವದಿಲ್ಲ.

ಹಾಗಾದರೆ ಸ್ನೇಹಿತನು ಮಾಡತಕ್ಕದ್ದೇನು? ಔಷಧೋಪಚಾರವು ನಡುವೆ ನಿಂತುಹೋಗದಂತೆ ನೋಡಿಕೊಳ್ಳುವದೇ ಅವನ ಮುಖ್ಯ ಕೆಲಸವೆಂದು ನಾವು ಎಣಿಸುತ್ತೇವೆ. ಈ ರೋಗದ ಉಪಚಾರವು ಒಂದು ದಿನದ ಶಸ್ತ್ರಕ್ರಿಯೆಯಿಂದ ಮುಗಿಯುವದು ಅಪರೂಪ. ಜನರು ಕರೆಂಟು ಕೊಡುವದು ಅನ್ನುವ ಕಿರಣಚಿಕಿತ್ಸೆಯು ಬಾಯಿ ಗಂಟಲುಗಳ ರೋಗಕ್ಕೆ ಸಾಧಾರಣವಾಗಿ ವಾರಕ್ಕೆ 5 ದಿನದಂತೆ 6 ಅಥವಾ 7 ವಾರ ನಡೆಯುತ್ತದೆ. ಒಂದೊಂದು ಸರದಿಗೆ ಹಿಡಿಯುವದು ಕೆಲವೇ ನಿಮಿಷ. ಆದಾಗ್ಯೂ ನಡುವೆ ದಿನಗಳು ತಪ್ಪಿದರೆ ಗೆಡ್ಡೆಗೆ ಪುನಃ ಬೆಳೆಯಲು ಎಡೆಯಾಗುತ್ತದೆ. ರಕ್ತನಾಳದೊಳಗೆ ಕೊಡುವ ಔಷಧವೋ ಅನೇಕ ಸಾರಿ 3 ವಾರಕ್ಕೊಮ್ಮೆ, ಹಲವು ತಿಂಗಳು. ಮೊದಲನೆಯ ವಾರದಲ್ಲಿ ಮನೆ ತುಂಬಾ ಜನ. ನಾಲ್ಕನೆಯ ವಾರದಲ್ಲಿ ಬಾಯಿ ಹುಣ್ಣಾಗಿ, ಕೈಯಲ್ಲಿದ್ದ ಹಣ ತೀರಿ, ಸಂಗಡ ಬರುವವರು ಇಲ್ಲದೆ, ರೋಗಿಯು ಸಾಕು ಎಂದು ಊರಿಗೆ ತಿರುಗುತ್ತಾನೆ. ವೈದ್ಯರು ಗುಣಮಾಡಬಹುದಾಗಿದ್ದ ರೋಗಿಗಳು ಹೀಗೆ ಕೈತಪ್ಪಿ ಹೋಗುವದುಂಟು.

ಒಂದು ದೃಷ್ಟಾಂತವನ್ನು ಇಟ್ಟುಕೊಳ್ಳೋಣ. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುವ ಒಬ್ಬನಿಗೆ ದವಡೆಯಲ್ಲಿ ಗೆಡ್ಡೆ ಕಾಣಿಸಿತು. ಕುರುಗೋಡಿನಲ್ಲಿ ಅವನಿಗೆ ಒಬ್ಬ ಸ್ನೇಹಿತನಿದ್ದಾನೆ. ಇವನು ತೆಕ್ಕಲಕೋಟೆಯ ಮೇಲೆ ಬಸ್ಸಿನಲ್ಲಿ ಸುಮಾರು 55 ಕಿಲೋಮೀಟರು ಬಂದು, ಅವನು ತನ್ನ ಊರಿನಿಂದ ಅದರ ಅರ್ಧದಷ್ಟು ದಾರಿ ಬಂದು, ಬಳ್ಳಾರಿಯಲ್ಲಿ ಕೂಡಿಕೊಳ್ಳುತ್ತಾರೆ. 1961ರಲ್ಲಿ ಸ್ಥಾಪಿತವಾದ, ಜನರು ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತೋರಿಸಿದ ತರುವಾಯ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಬೇಕೆಂದು ಹೇಳಿದರೆನ್ನಿರಿ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿಯ ಪ್ರಯಾಣ. ಕಾಗದಗಳ ಚೀಲವನ್ನು ಹಿಡಿದುಕೊಳ್ಳುವದು, ವೈದ್ಯರು ಹೇಳಿದ್ದನ್ನು ಬರೆದುಕೊಳ್ಳುವದು, ಒಂದು ಸಾಲಿನಲ್ಲಿ ಇವನು ಕೂತಿರುವಾಗ ಇನ್ನೊಂದು ಸಾಲಿನಲ್ಲಿ ತಾನು ನಿಲ್ಲುವದು, ಇವೇ ಕುರುಗೋಡಿನವನ ಸೇವೆ. ಹೇಳಲಿಕ್ಕೆ ಇದು ಅಲ್ಪವೇ. ಆದರೆ ಹೆದರಿದವನಿಗೆ ವೈದ್ಯರ ಮಾತಿನಲ್ಲಿ ಅರ್ಧವೂ ಕಿವಿಗೆ ಬೀಳುವದಿಲ್ಲವೆಂಬದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೆಲ್ಲರೂ ಬಲ್ಲರು.

ಹಣದ ವಿಷಯದಲ್ಲಿಯೂ ಸ್ನೇಹಿತನು ಮೊದಲೇ ವಿಚಾರಿಸಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ರೇಷನ್ ಕಾರ್ಡಿನ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಉಪಚಾರವುಂಟು. ರೇಷನ್ ಕಾರ್ಡು, ಆಧಾರ್ ಕಾರ್ಡು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇವುಗಳನ್ನು ಸಂಗಡ ಇಟ್ಟುಕೊಂಡು, ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರು ಯಾರೆಂದು ಕೇಳಿರಿ. ರೈಲಿನಲ್ಲಿ ಉಪಚಾರಕ್ಕಾಗಿ ಹೋಗಿಬರುವ ಅರ್ಬುದರೋಗಿಗೆ ಸ್ಲೀಪರ್ ದರ್ಜೆಯ ಟಿಕೇಟು ಪೂರ್ಣ ಮಾಫಿ. ಸಂಗಡ ಹೋಗುವ ಒಬ್ಬನಿಗೆ ನೂರಕ್ಕೆ 75 ಸೋಡಿ. ಆಸ್ಪತ್ರೆಯವರು ನಿಗದಿಯಾದ ನಮೂನೆಯಲ್ಲಿ ಬರೆದುಕೊಡುವ ಸರ್ಟಿಫಿಕೇಟನ್ನು ಟಿಕೇಟಿನ ಕಿಟಕಿಯಲ್ಲಿ ತೋರಿಸಬೇಕು. ಇದನ್ನರಿಯದೆ ಸಾಲಮಾಡಿ ಪೂರ್ಣ ದರ ತೆತ್ತು ಹೋಗುವ ಬಡವರಿದ್ದಾರೆ.

ಇನ್ನು ಪರಸ್ಥಳದವರ ವಿಷಯ. ದರೋಡೆಗೆ ಸಿಕ್ಕಿದವನನ್ನು ಸ್ವಜನರು ದಾಟಿಹೋದ ಮೇಲೆ ಅನ್ಯನಾದ ಸಮಾರ್ಯದವನು ಎತ್ತಿಕೊಂಡ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಅವನು ಛತ್ರದವನಿಗೆ ಹಣ ಕೊಟ್ಟದ್ದನ್ನು ಎಲ್ಲರೂ ನೆನಸುತ್ತಾರೆ. ತಿರಿಗಿ ಬರುವೆನೆಂದು ಹೇಳಿ ಹೋದದ್ದನ್ನು ನೆನಸುವವರು ಕಡಿಮೆ. 1973ರಲ್ಲಿ ಆರಂಭವಾದ ಆ ಬೆಂಗಳೂರಿನ ಆಸ್ಪತ್ರೆಗಿರುವ ಹೆಸರೇ ನಮ್ಮ ನಾಡಿನವರದ್ದಲ್ಲ. ರಫಿ ಅಹ್ಮದ್ ಕಿದ್ವಾಯಿಯವರು ಉತ್ತರ ದೇಶದವರು, ಕೇಂದ್ರ ಮಂತ್ರಿಗಳಾಗಿದ್ದವರು. ದೊಡ್ಡ ಊರಿನ ವೈದ್ಯರು ಬಡವರ ಕಷ್ಟವನ್ನರಿಯರೆಂಬ ಅಂಜಿಕೆ ಹಳ್ಳಿಯವರಿಗುಂಟು. ಆದರೆ ಅಲ್ಲಿ ಬಹುಕಾಲ ಶಸ್ತ್ರವೈದ್ಯರಾಗಿದ್ದು 2025ರಲ್ಲಿ ಪದ್ಮಶ್ರೀ ಗೌರವವನ್ನು ಹೊಂದಿದ ಡಾಕ್ಟರ್ ವಿಜಯಲಕ್ಷ್ಮಿ ದೇಶಮಾನೆಯವರು ಕಲಬುರಗಿಯ ಬಡವರ ಕೇರಿಯಲ್ಲಿ ಹುಟ್ಟಿ, ಬಾಲ್ಯದಲ್ಲಿ ತಾಯಿಯ ಸಂಗಡ ತರಕಾರಿ ಮಾರಿದವರು. ವಾರ್ಡಿನಲ್ಲಿಯೂ ಹಾಗೆಯೇ. ಯಾವ ಊರಿನವಳೋ ತಿಳಿಯದ ಹೆಂಗಸು ನಿಮ್ಮ ರೋಗಿಗೆ ಗಂಜಿ ಬಸಿದು ಕೊಡುವಳು. ಅವಳ ಜಾತಿಮತಗಳನ್ನು ವಿಚಾರಿಸುತ್ತಾ ಕೂತುಕೊಳ್ಳಬೇಡಿರಿ. ಗಂಜಿಯನ್ನು ತೆಗೆದುಕೊಂಡು, ನಾಳೆ ಅವಳ ಗಂಡನ ಔಷಧದ ಚೀಟಿಯನ್ನು ನೀವು ತಂದುಕೊಡಿರಿ.

ರಕ್ತದಾನವೂ ಇದೇ ತರದ ದಯೆ. ಔಷಧದಿಂದ ರೋಗಿಯ ರಕ್ತವು ಕುಂದಿದಾಗ ಪ್ಲೇಟ್‌ಲೆಟ್ ಎಂಬ ಕಣಗಳನ್ನು ಬೇರೆಯವರಿಂದ ಕೊಡಬೇಕಾಗಬಹುದು. ಅವು ಸಾಮಾನ್ಯವಾಗಿ 5 ದಿನಗಳಿಗಿಂತ ಹೆಚ್ಚು ಉಳಿಯುವದಿಲ್ಲವಾದ್ದರಿಂದ ಕೂಡಿಸಿಡುವದು ಅಸಾಧ್ಯ. ಆರೋಗ್ಯವಂತನಾದ ಗಂಡಸು 3 ತಿಂಗಳಿಗೊಮ್ಮೆ, ಹೆಂಗಸು 4 ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಬೆಂಗಳೂರಿಗೆ ಹೋಗಲಾರದ ಯೌವನಸ್ಥರು ಬಳ್ಳಾರಿಯಲ್ಲಿಯೇ ಕೊಡಲಿ. ಅದು ಯಾರ ಮೈಗೆ ಸೇರಿತೆಂದು ಅವರಿಗೆ ತಿಳಿಯದೆ ಇರಬಹುದು.

ಊರಲ್ಲಿ ಉಳಿದವರಿಗೂ ಕೆಲಸವುಂಟು. ಕಾಲುವೆಗೆ ನೀರು ಬಿಟ್ಟು ನಾಟಿಯ ಕಾಲ ಬಂದಾಗಲೇ ಬಹಳ ಮಂದಿ ಉಪಚಾರ ಬಿಟ್ಟು ಬರುತ್ತಾರೆ. ಆದಕಾರಣ ಅವನ ಮನೆಯವರ ಪಾಲಿನ ನಾಟಿಗೆ ಯಾರು, ಎಮ್ಮೆಗೆ ಮೇವು ಹಾಕುವವರು ಯಾರು, ಮಕ್ಕಳನ್ನು ಶಾಲೆಗೆ ಕಳುಹಿಸುವವರು ಯಾರು ಎಂಬದನ್ನು ಸಭೆಯವರು ಹೆಸರು ಹಿಡಿದು ಗೊತ್ತುಮಾಡಲಿ. ಏನಾದರೂ ಬೇಕಾದರೆ ಹೇಳು ಎಂಬ ಮಾತಿನಿಂದ ಯಾವ ಎಮ್ಮೆಯ ಹೊಟ್ಟೆಯೂ ತುಂಬದು. ರೋಗಿಯು ಮನೆಗೆ ಬಂದಾಗ ನಮ್ಮ ಸೀಮೆಯ ಮೆಣಸಿನಕಾಯಿಯ ಖಾರವನ್ನು ಬಿಟ್ಟು, ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಆರಿಸಿದ ಮೇಲೆ ಕೊಡಿರಿ. ರಕ್ತನಾಳದ ಔಷಧವನ್ನು ತೆಗೆದುಕೊಳ್ಳುತ್ತಿರುವವನಿಗೆ 100.4 ಡಿಗ್ರಿಯಷ್ಟು ಜ್ವರ ಬಂದರೆ ಬೆಳಗಾಗಲೆಂದು ಕಾಯದೆ, ಕಷಾಯ ಕುಡಿಸುತ್ತಾ ಕೂತುಕೊಳ್ಳದೆ, ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ; ಆ ದಿನಗಳಲ್ಲಿ ಮೈಯ ಕಾಪಿನ ಶಕ್ತಿ ಬಹಳ ಕಡಿಮೆ.

ಉಪಚಾರ ಮುಗಿದು ಕೂದಲು ಪುನಃ ಬಂದ ಮೇಲೆ ಊರು ಈ ಸಂಗತಿಯನ್ನು ಮರೆಯುತ್ತದೆ. ಆದರೆ ವೈದ್ಯರು ಮೊದಲಿನ ವರುಷಗಳಲ್ಲಿ ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಬೇಕೆಂದು ಹೇಳಿರುತ್ತಾರೆ. ಆ ತಾರೀಖನ್ನು ಕುರುಗೋಡಿನ ಸ್ನೇಹಿತನು ತನ್ನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿಯೂ ಗುರುತುಹಾಕಿಕೊಂಡು, ಹಿಂದಿನ ವಾರವೇ ಸಿರುಗುಪ್ಪಕ್ಕೆ ಫೋನು ಮಾಡಲಿ.