ಚೀನಾದ ಎಲೆ ಚಹಾ: ಆನ್‌ಲೈನ್‌ನಲ್ಲಿ ಒಳ್ಳೆಯ ಅಂಗಡಿ ಹುಡುಕುವ ಬಗೆ

‘ಚೈನೀಸ್ ಗ್ರೀನ್ ಟೀ’ ಎಂದು ಆನ್‌ಲೈನ್‌ನಲ್ಲಿ ಹುಡುಕಿದರೆ ಲೆಕ್ಕವಿಲ್ಲದಷ್ಟು ಪೊಟ್ಟಣಗಳು ಕಣ್ಣಿಗೆ ಬೀಳುತ್ತವೆ. ಎಲೆ ಎಲ್ಲಿ ಬೆಳೆದದ್ದು, ಯಾವಾಗ ಕೊಯ್ದದ್ದು ಎಂಬ ಮಾತು ಹಲವು ಪೊಟ್ಟಣಗಳ ಮೇಲೆ ಇರುವುದೇ ಇಲ್ಲ. ತೂಕ ಇಳಿಸುತ್ತದೆ, ಚರ್ಮ ಹೊಳೆಯುತ್ತದೆ ಎಂಬ ಭರವಸೆ ಮಾತ್ರ ದಪ್ಪಕ್ಷರದಲ್ಲಿರುತ್ತದೆ. ಅಂಥ ಪುಟವನ್ನು ಅಲ್ಲಿಗೇ ಮುಚ್ಚಿಬಿಡಿ. ಒಳ್ಳೆಯ ಚಹಾ ಮಾರುವವರು ಮೊದಲು ಊರಿನ ಹೆಸರು ಹೇಳುತ್ತಾರೆ.

ಮೊದಲು ಬಗೆ ತೀರ್ಮಾನಿಸಿ

ಎಲೆಯನ್ನು ಹದ ಮಾಡುವ ಕ್ರಮ ನೋಡಿ ಚೀನೀಯರು ಚಹಾವನ್ನು ಹಸಿರು, ಬಿಳಿ, ಹಳದಿ, ಊಲಾಂಗ್, ಕೆಂಪು, ಕಪ್ಪು ಎಂದು ಆರು ಬಗೆ ಮಾಡಿದ್ದಾರೆ. ನಾವು ಬ್ಲ್ಯಾಕ್ ಟೀ ಅನ್ನುವುದು ಅಲ್ಲಿ ಕೆಂಪು ಚಹಾ. ಹಾಲಿನ ಚಹಾಕ್ಕೆ ಒಗ್ಗಿದ ನಾಲಿಗೆಗೆ ಯುನ್ನಾನ್ ಪ್ರಾಂತ್ಯದ ಕೆಂಪು ಚಹಾ ‘ದ್ಯಾನ್‌ಹಾಂಗ್’ ಒಳ್ಳೆಯ ಆರಂಭ. ಒಗರು ಕಡಿಮೆ, ಜೇನಿನಂಥ ಸಿಹಿ ಹೆಚ್ಚು, ನೀರಿನ ಬಿಸಿ ತುಸು ಹೆಚ್ಚುಕಡಿಮೆಯಾದರೂ ಕೆಡುವುದಿಲ್ಲ. ನೂರಾರು ವರ್ಷದ ಮರದ ಎಲೆ ಎಂದು ಮಾರುವ ದುಬಾರಿ ಚಹಾ ಹೊಸಬರಿಗೆ ಬೇಡವೇ ಬೇಡ. ಮೋಸ ಹೆಚ್ಚಿರುವುದು ಅಲ್ಲೇ.

ವಿವರಣೆಯನ್ನು ಜರಡಿ ಹಿಡಿಯಿರಿ

ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ಸುತ್ತ ಬೆಳೆಯುವ ಲಾಂಗ್‌ಜಿಂಗ್ ಹಸಿರು ಚಹಾವನ್ನೇ ನೋಡಿ. ಏಪ್ರಿಲ್ 4 ಅಥವಾ 5ರಂದು ಬರುವ ಕ್ವಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕೊಯ್ದ ಚಿಗುರಿಗೆ ಬೆಲೆ ಹೆಚ್ಚು. ಹಬ್ಬ ಕಳೆದ ಮೇಲೆ ಕೊಯ್ದದ್ದು ಅಗ್ಗ, ಆದರೆ ರುಚಿ ಗಟ್ಟಿ. ದಿನಬಳಕೆಗೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಚಿಗುರನ್ನು ಬಿಸಿ ಬಾಣಲೆಗೆ ಒತ್ತಿ ಒತ್ತಿ ಹುರಿಯುವುದರಿಂದ ಎಲೆ ಚಪ್ಪಟೆಯಾಗಿರುತ್ತದೆ, ಬಣ್ಣ ತುಸು ಹಳದಿಗೆ ತಿರುಗಿದ ಹಸಿರು. ಫೋಟೊದಲ್ಲಿ ಎಲೆ ಕಣ್ಣು ಕುಕ್ಕುವಷ್ಟು ಹಸಿರಾಗಿದ್ದರೆ ಅನುಮಾನಪಡಿ.

ಒಳ್ಳೆಯ ಪುಟದಲ್ಲಿ ಹಳ್ಳಿ ಅಥವಾ ತಾಲ್ಲೂಕು, ಕೊಯ್ದ ವರ್ಷ ಮತ್ತು ತಿಂಗಳು, ಗಿಡದ ತಳಿ (ಊರಿನ ಹಳೆಯ ತಳಿಯೋ, ಬೇಗ ಚಿಗುರುವ ‘ಲಾಂಗ್‌ಜಿಂಗ್ 43’ ತಳಿಯೋ) ಇರುತ್ತದೆ. ಒದ್ದೆ ಎಲೆಯ ಫೋಟೊ ಕೂಡ ಇದ್ದರೆ ಇನ್ನೂ ಒಳ್ಳೆಯದು. ಬೇರೆ ಪ್ರಾಂತ್ಯಗಳಲ್ಲೂ ಇದೇ ಶೈಲಿಯ ಚಹಾ ಮಾಡುತ್ತಾರೆ. ಹಾಗೆಂದು ಹೇಳಿಯೇ ಮಾರಿದರೆ ತಪ್ಪಿಲ್ಲ. ಆದರೆ ಫೆಬ್ರುವರಿಯಲ್ಲಿಯೇ ‘ಈ ವರ್ಷದ ಪಶ್ಚಿಮ ಸರೋವರದ ಲಾಂಗ್‌ಜಿಂಗ್’ ಎಂದು ಯಾರಾದರೂ ಮಾರಿದರೆ ಅದು ಸುಳ್ಳು. ಅಲ್ಲಿ ಕೊಯ್ಲು ಶುರುವಾಗುವುದೇ ಮಾರ್ಚ್‌ನಲ್ಲಿ.

ಪು-ಎರ್ ಕೊಳ್ಳುವವರು ಸಂಖ್ಯೆ ನೋಡಿ ಮೋಸಹೋಗುತ್ತಾರೆ. ಯುನ್ನಾನ್‌ನ ಈ ಚಹಾವನ್ನು ಒತ್ತಿ, ಸಾಮಾನ್ಯವಾಗಿ 357 ಗ್ರಾಂ ತೂಕದ ಬಿಲ್ಲೆ ಮಾಡುತ್ತಾರೆ. ಹೊದಿಕೆಯ ಮೇಲೆ ‘7542’ ಎಂದಿದ್ದರೆ ಅದು 1975ರ ಚಹಾ ಅಲ್ಲ. ಮೊದಲ ಎರಡು ಅಂಕಿ ಮಿಶ್ರಣದ ಸೂತ್ರ ರೂಪುಗೊಂಡ ವರ್ಷದ್ದು, ಮೂರನೆಯದು ಎಲೆಯ ದರ್ಜೆಯದು, ಕೊನೆಯ 2 ಮೆಂಗ್‌ಹಾಯ್ ಕಾರ್ಖಾನೆಯದು. ಅದೇ ಸೂತ್ರದ ಬಿಲ್ಲೆ ಈಗಲೂ ತಯಾರಾಗುತ್ತದೆ. ತಯಾರಾದ ವರ್ಷವನ್ನು ಬೇರೆಯಾಗಿ ಕೇಳಿ. ಹಾಗೆಯೇ ಬಿಲ್ಲೆ ‘ಶೆಂಗ್’ ಎಂಬ ಹಸಿಯೋ, ‘ಶೌ’ ಎಂಬ ಮಾಗಿಸಿದ್ದೋ ಎಂದು ಖಚಿತಪಡಿಸಿಕೊಳ್ಳಿ. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ ಬೇಗ ಮಾಗಿಸುವ ಈ ವಿಧಾನ ಯುನ್ನಾನ್‌ನಲ್ಲಿ ನೆಲೆಯೂರಿದ್ದು 1970ರ ದಶಕದಲ್ಲಿ. ಹಾಗಾಗಿ 1950ರ ‘ಶೌ’ ಎಂದು ಮಾರುವವರನ್ನು ನಂಬಬೇಡಿ.

ಎಲ್ಲಿ ನೋಡಬೇಕು?

ಯುನ್ನಾನ್ ಸೋರ್ಸಿಂಗ್ 2004ರಿಂದ ನಡೆಯುತ್ತಿರುವ ಅಂಗಡಿ. ಪಟ್ಟಿ ಬಲು ಉದ್ದ, ಬೆಲೆ ಹಲವು ಮಟ್ಟದ್ದು, ಪು-ಎರ್ ಮತ್ತು ದ್ಯಾನ್‌ಹಾಂಗ್‌ಗೆ ಹೆಸರುವಾಸಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಅರಿಜೋನಾದ ಟೂಸಾನ್‌ನ ಸೆವೆನ್ ಕಪ್ಸ್ ಇದೆ, ಲಂಡನ್‌ನಲ್ಲಿರುವವರಿಗೆ ಮೇ ಲೀಫ್ ಇದೆ. ಟೀವಿವ್ರೆಯಲ್ಲಿ ಹಸಿರು, ಬಿಳಿ ಚಹಾಗಳ ಆಯ್ಕೆ ಚೆನ್ನಾಗಿದೆ. ವೈಟ್‌ಟುಟೀ ಮಾತ್ರ ತನ್ನ ಹಲವು ಪು-ಎರ್ ಬಿಲ್ಲೆಗಳಿಗೆ ಊರಿನ ಹೆಸರು ಹೇಳದೆ, ತನ್ನದೇ ಹೆಸರಿಟ್ಟು ಮಾರುತ್ತದೆ. ನಾನು ಮೇಲೆ ಹೇಳಿದ ನಿಯಮಕ್ಕೆ ಅದು ವಿರುದ್ಧ ನಿಜ, ಆದರೆ ಕುಡಿದು ನೋಡಿ ನಿರ್ಧರಿಸಿ ಎಂಬುದು ಅದರ ನಿಲುವು. ಸ್ವಲ್ಪ ರುಚಿ ಪಳಗಿದ ಮೇಲೆ ಅತ್ತ ಹೋಗಿ. ಎಲ್ಲ ಬಗೆಯ ಮಾರಾಟಗಾರರೂ ಸೇರುವ ದೊಡ್ಡ ಮಾರುಕಟ್ಟೆ ತಾಣಗಳನ್ನು ಆರಂಭದಲ್ಲಿ ದೂರವಿಡಿ. ಅಲಿಎಕ್ಸ್‌ಪ್ರೆಸ್ ಆ್ಯಪ್ ಅಂತೂ ಭಾರತದಲ್ಲಿ 2020ರ ನವೆಂಬರ್‌ನಲ್ಲೇ ನಿಷೇಧಗೊಂಡಿದೆ.

ಮಾದರಿ ತರಿಸಿ, ಎಲೆ ಬಿಡಿಸಿ ನೋಡಿ

ಮೊದಲ ಆರ್ಡರ್‌ನಲ್ಲಿ ಒಂದೇ ಬಗೆಯ ಚಹಾವನ್ನು ಇಬ್ಬರು ಮಾರಾಟಗಾರರಿಂದ ಸಣ್ಣ ಪೊಟ್ಟಣದಲ್ಲಿ ತರಿಸಿ. ಎರಡನ್ನೂ ಒಂದೇ ಅಳತೆಯಲ್ಲಿ, ಅಂದರೆ 100 ಮಿ.ಲೀ. ನೀರಿಗೆ 5 ಗ್ರಾಂ ಎಲೆ ಹಾಕಿ ಅಕ್ಕಪಕ್ಕ ಕುಡಿಯಿರಿ. ಹಸಿರು ಚಹಾಕ್ಕೆ ನೀರು ಸುಮಾರು 80 ಡಿಗ್ರಿ ಸಾಕು. ಊಲಾಂಗ್, ಪು-ಎರ್‌ಗೆ ಕುದಿನೀರೇ ಬೇಕು. ನೀರನ್ನು ಕೆಲವೇ ಸೆಕೆಂಡ್ ಬಿಟ್ಟು ಬಗ್ಗಿಸಿ, ಅದೇ ಎಲೆಗೆ ಮತ್ತೆ ಹೊಯ್ಯಿರಿ. ಒಳ್ಳೆಯ ಊಲಾಂಗ್ ಐದಾರು ಸಲವಾದರೂ ರುಚಿ ಬಿಟ್ಟುಕೊಡುತ್ತದೆ. ಎರಡನೇ ಸಲಕ್ಕೇ ಬಣ್ಣ, ಘಮ ಎರಡೂ ಹೋಯಿತೆಂದರೆ ಆ ಅಂಗಡಿಯ ವರ್ಣನೆ ಎಷ್ಟೇ ಸೊಗಸಾಗಿರಲಿ, ಮತ್ತೆ ಹೋಗಬೇಡಿ.

ಕೊನೆಯಲ್ಲಿ ಒದ್ದೆ ಎಲೆಯನ್ನು ತಟ್ಟೆಗೆ ಸುರಿದು ಬೆರಳಿನಿಂದ ಬಿಡಿಸಿ. ಅನ್ಸಿ ತಾಲ್ಲೂಕಿನ ಊಲಾಂಗ್ ಆದ ತೀಗ್ವಾನ್‌ಯಿನ್ ಒಣಗಿದಾಗ ಗುಂಡು ಗುಂಡಾಗಿರುತ್ತದೆ, ನೆನೆದಾಗ ಅಂಗೈಯಲ್ಲಿ ಹರಡಿಕೊಳ್ಳುವಷ್ಟು ದಪ್ಪ ಎಲೆಯಾಗಿ ಬಿಚ್ಚಿಕೊಳ್ಳುತ್ತದೆ. ಎಲೆ ಮೃದುವಾಗಿ, ಮೆತ್ತನೆ ಬಾಗಬೇಕು. ಚೂರು, ಪುಡಿ, ಬೋಳು ಕಡ್ಡಿಯೇ ಹೆಚ್ಚಿದ್ದರೆ ನೀವು ಕೊಟ್ಟ ಹಣ ಹೆಸರಿಗೆ ಹೋಗಿದೆ, ಎಲೆಗಲ್ಲ.

ಸುಂಕ ಮತ್ತು ಶೇಖರಣೆ

ಭಾರತಕ್ಕೆ ಆಮದಾಗುವ ಚಹಾದ ಮೂಲ ಸುಂಕವೇ ಶೇ 100. ವೈಯಕ್ತಿಕ ಬಳಕೆಯ ಪಾರ್ಸೆಲ್‌ನ ಲೆಕ್ಕ ಬೇರೆಯಾಗಬಹುದು. ಆದ್ದರಿಂದ ಹಣ ಕಟ್ಟುವ ಮೊದಲೇ ಆ ಅಂಗಡಿ ಭಾರತಕ್ಕೆ ಕಳಿಸುತ್ತದೆಯೇ, ಸುಂಕ ಯಾರ ಮೇಲೆ ಬೀಳುತ್ತದೆ ಎಂದು ಇಮೇಲ್‌ನಲ್ಲಿ ಕೇಳಿ. ಕೊರಿಯರ್‌ನವರು ಗುರುತಿನ ದಾಖಲೆ ಕೇಳುತ್ತಾರೆ, ಸಿದ್ಧವಿಟ್ಟುಕೊಳ್ಳಿ. ಸಾಗಣೆ ವೆಚ್ಚ ಚಹಾದ ಬೆಲೆಯನ್ನೂ ಮೀರಬಹುದು. ನಾಲ್ಕೈದು ಮಂದಿ ಸ್ನೇಹಿತರು ಕೂಡಿ ತರಿಸಿದರೆ ಎಲ್ಲರಿಗೂ ಹಗುರ.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪು-ಎರ್ ಬಿಲ್ಲೆಯನ್ನು ತೆರೆದಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಸಿರು ಚಹಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ, ವರ್ಷದೊಳಗೆ ಕುಡಿದು ಮುಗಿಸಿ. ಮೊದಲ ಸಲ ಯಾವ ಚಹಾವನ್ನೂ 50 ಗ್ರಾಂಗಿಂತ ಹೆಚ್ಚು ತರಿಸಬೇಡಿ.