ಹೊಟ್ಟೆಯೊಳಗಿನ ಬೇಡದ ಅತಿಥಿಗಳು



ಕಂಬಂ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಹುಡುಗನಿಗೆ ಹನ್ನೆರಡು ವರ್ಷ. ಮುಖ ಬಿಳಿಚಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಶಾಲೆಯಲ್ಲಿ ತೂಕಡಿಕೆ. ದೃಷ್ಟಿ ತೆಗೆಸಿದ್ದಾಯಿತು, ಟಾನಿಕ್ ಕುಡಿಸಿದ್ದಾಯಿತು. ಕೊನೆಗೆ ಮಲಪರೀಕ್ಷೆ ಮಾಡಿಸಿದಾಗ ಕೊಕ್ಕೆಹುಳು ಇದೆಯೆಂದು ತಿಳಿಯಿತು. ಆ ತಂದೆ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ಕಾರ್ಯದರ್ಶಿಗಳೇ, ನಮ್ಮದು ಶುದ್ಧ ಸಸ್ಯಾಹಾರದ ಮನೆ. ಹುಳು ಎಲ್ಲಿಂದ ಬಂತು?"

ಈ ಪ್ರಶ್ನೆ ನಮ್ಮ ಬಹಳ ಮನೆಗಳದ್ದು. ಆದ್ದರಿಂದ ಈ ಸಲದ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ.

ಹುಳು ಬರುವ ದಾರಿ

ಕೊಕ್ಕೆಹುಳು ಊಟದ ಎಲೆಯಿಂದ ಬರುವುದಕ್ಕಿಂತ ಹೆಚ್ಚಾಗಿ ಅಂಗಾಲಿನಿಂದ ಬರುತ್ತದೆ. ಹುಳುವಿರುವ ಮನುಷ್ಯ ಬಯಲಲ್ಲಿ ಮಲ ವಿಸರ್ಜಿಸಿದರೆ ಅದರೊಡನೆ ಮೊಟ್ಟೆಗಳು ಮಣ್ಣಿಗೆ ಬೀಳುತ್ತವೆ. ನೆರಳು, ತೇವ, ಸಡಿಲ ಮಣ್ಣು ಸಿಕ್ಕರೆ ಒಂದೆರಡು ದಿನದಲ್ಲಿ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. 5ರಿಂದ 10 ದಿನಗಳಲ್ಲಿ ಚರ್ಮ ತೂರುವ ಶಕ್ತಿ ಪಡೆಯುತ್ತದೆ. ಬರಿಗಾಲು ಸೋಕಿದರೆ ಸಾಕು, ಚರ್ಮದೊಳಗೆ ಇಳಿದು, ರಕ್ತದಲ್ಲಿ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಹತ್ತಿ, ನುಂಗಿದಾಗ ಸಣ್ಣ ಕರುಳಿಗೆ ಬಂದು ನೆಲೆಸುತ್ತದೆ. ಹೊಲದಿಂದ ಬಂದ ಮೇಲೆ ಅಂಗಾಲಿನಲ್ಲಿ ತುರಿಕೆ ಕಂಡರೆ ಉದಾಸೀನ ಮಾಡಬೇಡಿ.

ನಮ್ಮ ಕಣಿವೆಯನ್ನೇ ನೋಡಿ. 1895ರಿಂದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ಕೊರೆದ ಸುರಂಗದಿಂದ ಇಳಿದು ಕಂಬಂ ಸೀಮೆಯನ್ನು ಹಸಿರು ಮಾಡಿದೆ. ದ್ರಾಕ್ಷಿ ಚಪ್ಪರದ ನೆರಳು, ಬಾಳೆತೋಟದ ತೇವ, ಮೇಲೆ ಇಡುಕ್ಕಿಯ ಏಲಕ್ಕಿ ಮಲೆ. ಬೆಳೆಗೆ ಹಿತವಾದ ಈ ಮಣ್ಣೇ ಹುಳುವಿಗೂ ಹಿತ. ಹಳೆಯ ಮದ್ರಾಸ್ ಪ್ರಾಂತದಲ್ಲಿ 1920ರ ದಶಕದಲ್ಲೇ ರಾಕ್‌ಫೆಲ್ಲರ್ ಪ್ರತಿಷ್ಠಾನದವರು ಕೊಕ್ಕೆಹುಳುವಿನ ವಿರುದ್ಧ ಕೆಲಸ ಮಾಡಿದ್ದರು. ನೂರು ವರ್ಷವಾದರೂ ಹುಳು ತೋಟ ಬಿಟ್ಟು ಹೋಗಿಲ್ಲ.

ಲೆಕ್ಕ ಹಾಕಿ ನೋಡೋಣ

ವ್ಯಾಪಾರಿ ಬಂಧುಗಳಿಗೆ ಲೆಕ್ಕದ ಭಾಷೆ ಬೇಗ ಅರ್ಥವಾಗುತ್ತದೆ. ದಕ್ಷಿಣ ಭಾರತದಲ್ಲಿ ಹೆಚ್ಚು ಕಾಣುವ ಜಾತಿಯ ಒಂದು ಕೊಕ್ಕೆಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ಕಳೆಯುತ್ತದೆ. ನೂರು ಹುಳುವಿದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90. ಇದು ವರ್ಷಗಟ್ಟಲೆ ನಡೆಯುತ್ತದೆ. ಖರ್ಚು ಹೀಗೆ ನಿತ್ಯ ಬರೆದು, ಜಮಾ ಬದಿಗೆ ಬರೀ ಅನ್ನ ಸಾರು ಇಟ್ಟರೆ ಯಾವ ಖಾತೆ ತಾಳೀತು? ಮಕ್ಕಳಿಗೆ ಹಾಗೂ ಗರ್ಭಿಣಿಯರಿಗೆ ರಕ್ತಹೀನತೆ ಬರುವ ಕಾರಣಗಳಲ್ಲಿ ಇದೊಂದು.

ದುಂಡುಹುಳು ಮತ್ತು ಚಾಟಿಹುಳುಗಳು ಬಾಯಿಯ ದಾರಿಯವು. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆ ಇಡಬಲ್ಲದು. ತೊಳೆಯದ ಕೊತ್ತಂಬರಿ, ಮೂಲಂಗಿ, ಉಗುರಿನ ಮಣ್ಣು ಇವುಗಳಿಂದ ಅವು ಹೊಟ್ಟೆ ಸೇರುತ್ತವೆ. ಒಟ್ಟಂಛತ್ರಂ ಸಂತೆಯ ತರಕಾರಿ ಎಷ್ಟೇ ತಾಜಾ ಇರಲಿ, ತೊಳೆಯದೆ ಬಾಯಿಗೆ ಇಡಬಾರದು.

ಇನ್ನು ಸಸ್ಯಾಹಾರದ ಮಾತು. ಹಂದಿಮಾಂಸದ ಲಾಡಿಹುಳು ಮಾಂಸ ತಿನ್ನುವವರ ಕರುಳಿನಲ್ಲಿ ಬೆಳೆಯುತ್ತದೆ, ನಿಜ. ಆದರೆ ಅವರ ಮಲದಲ್ಲಿರುವ ಮೊಟ್ಟೆ ನೀರಿನಿಂದಲೋ, ತರಕಾರಿಯಿಂದಲೋ, ಅಡುಗೆಯವರ ತೊಳೆಯದ ಕೈಯಿಂದಲೋ ನಮ್ಮೊಳಗೆ ಹೋದರೆ ಮಿದುಳಿನಲ್ಲಿ ಗಂಟಾಗಿ ಮೂರ್ಛೆ ತರಬಲ್ಲದು. ಮಾಂಸ ಮುಟ್ಟದವರಿಗೂ ಈ ರೋಗ ಬರುತ್ತದೆ. ಮೂರ್ಛೆ ಬಂದವರನ್ನು ದೆವ್ವ ಬಿಡಿಸಲು ಕರೆದೊಯ್ಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಯೀಸ್ಟು ಶತ್ರುವೇ?

ಇಡ್ಲಿ ಹಿಟ್ಟು ಉಬ್ಬುವುದರಲ್ಲಿ ಸೂಕ್ಷ್ಮಾಣುಗಳ ಜೊತೆ ಯೀಸ್ಟಿನ ಪಾಲೂ ಇದೆ. ಇಟ್ಟ ದ್ರಾಕ್ಷಿರಸ ನೊರೆಗಟ್ಟುವುದೂ ಅದರಿಂದಲೇ. ಕ್ಯಾಂಡಿಡಾ ಎಂಬ ಯೀಸ್ಟು ಆರೋಗ್ಯವಂತರ ಕರುಳಿನಲ್ಲೂ ಸದ್ದಿಲ್ಲದೆ ಇರುತ್ತದೆ. ಸಕ್ಕರೆ ಕಾಯಿಲೆ ಹಿಡಿತ ತಪ್ಪಿದಾಗ, ದೇಹದ ರೋಗನಿರೋಧಕ ಶಕ್ತಿ ಕುಂದಿದಾಗ, ಆಂಟಿಬಯಾಟಿಕ್ ಮಾತ್ರೆ ಅತಿಯಾದಾಗ ಅದು ಬಾಯಿ, ಅನ್ನನಾಳಗಳಲ್ಲಿ ಬಿಳಿ ಪದರವಾಗಿ ಬೆಳೆಯುತ್ತದೆ. ಹಾಗೆಂದು ಎಲ್ಲ ಸುಸ್ತು, ಎಲ್ಲ ಹೊಟ್ಟೆಯುಬ್ಬರಕ್ಕೂ ಯೀಸ್ಟೇ ಕಾರಣವೆಂದು ದುಬಾರಿ ಪುಡಿ ಮಾರುವವರ ಮಾತಿಗೆ ಮರುಳಾಗಬೇಡಿ. ಪ್ರತಿ ಬೇಧಿಗೂ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗುವ ಚಾಳಿಯನ್ನೂ ಬಿಡಬೇಕು.

ಬೇಧಿಯಾದಾಗ ಮೊದಲ ಮದ್ದು ನೀರು ಮತ್ತು ಉಪ್ಪು. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಸಕ್ಕರೆ-ಉಪ್ಪಿನ ದ್ರಾವಣ ಕುಡಿಸಿಯೇ ಕಾಲರಾ ರೋಗಿಗಳನ್ನು ಉಳಿಸಿದರು. ಆಸ್ಪತ್ರೆಯ ಓ.ಆರ್.ಎಸ್. ಪೊಟ್ಟಣ ಉತ್ತಮ. ಅದಿಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಮಲದಲ್ಲಿ ರಕ್ತ, ಜ್ವರ, ಗುಳಿಬಿದ್ದ ಕಣ್ಣು, ಮೂತ್ರ ಕಡಿಮೆಯಾಗುವುದು, ಮಗು ಕುಡಿಯದಿರುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮಾಡಬೇಕಾದದ್ದು

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದಲ್ಲಿ 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಉಚಿತ. ಪ್ರಮಾಣ 400 ಮಿಲಿಗ್ರಾಂ. ಎರಡು ವರ್ಷದೊಳಗಿನವರಿಗೆ ಅರ್ಧ. ಆ ದಿನ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಮಾತ್ರೆ ನುಂಗಬಾರದು. ಮಾತ್ರೆ ಇದ್ದ ಹುಳುವನ್ನು ಕೊಲ್ಲುತ್ತದೆ, ನಾಳೆ ಬರುವುದನ್ನು ತಡೆಯುವುದಿಲ್ಲ. ತಡೆಯುವುದು ಚಪ್ಪಲಿ, ಶೌಚಾಲಯ, ಸಾಬೂನು ಮಾತ್ರ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ದಾಸೋಹದ ಮನೆಯಲ್ಲಿ ಬಹಳ ದಿನ ಒಂದೇ ಹಂಡೆಗೆ ಎಲ್ಲರೂ ಲೋಟ ಅದ್ದಿ ನೀರು ಕುಡಿಯುತ್ತಿದ್ದರು, ಕೈ ತೊಳೆಯುವ ಕಡೆ ಸಾಬೂನು ಇರಲಿಲ್ಲ. ಈಗ ನಲ್ಲಿಯಿರುವ ಮುಚ್ಚಿದ ಡ್ರಮ್ಮು, ಸಾಬೂನು ಇಟ್ಟಿದ್ದೇವೆ. ಖರ್ಚು ಅಲ್ಪ, ಮೊದಲೇ ಮಾಡಬಹುದಾಗಿತ್ತು.

ಆ ಹುಡುಗನ ತಂದೆ ಮಗನಿಗೆ ಮಾತ್ರೆ, ಕಬ್ಬಿಣಾಂಶದ ಔಷಧ ಕೊಡಿಸಿ ಸುಮ್ಮನಾಗಲಿಲ್ಲ. ತೋಟದ ಮೂಲೆಯಲ್ಲಿ ಕೂಲಿಯವರಿಗೆ ಒಂದು ಶೌಚಾಲಯ ಕಟ್ಟಿಸಿದರು. ಕೂಲಿಯವರು ಬಯಲಿಗೆ ಹೋದರೆ ಹುಳು ಯಜಮಾನನ ಮನೆಗೂ ಬರುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಮಣ್ಣು ಎಲ್ಲರಿಗೂ ಒಂದೇ.

ಮನೆಯವರೆಲ್ಲ ಕೂತು ಯೋಚಿಸಿರಿ:
1. ನಮ್ಮ ತೋಟದಲ್ಲಿ ದುಡಿಯುವವರು ಶೌಚಕ್ಕೆ ಎಲ್ಲಿ ಹೋಗುತ್ತಾರೆ? ಅವರ ಕಾಲಲ್ಲಿ ಚಪ್ಪಲಿ ಇದೆಯೇ?
2. ಅಡುಗೆಗೆ ಮುಂಚೆ, ಊಟಕ್ಕೆ ಮುಂಚೆ, ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವ ರೂಢಿ ನಮ್ಮಲ್ಲಿದೆಯೇ?
3. ಕಳೆದ ಸಲ ಶಾಲೆಯಲ್ಲಿ ಕೊಟ್ಟ ಮಾತ್ರೆಯನ್ನು ನಮ್ಮ ಮಕ್ಕಳು ನುಂಗಿದರೇ?

ಶರಣು ಶರಣಾರ್ಥಿ.
— ಕಾರ್ಯದರ್ಶಿ